ಪುಕ್ಕಲನ ತಟ್ಟೆ

ಆ ಮನೆಯ ಹೊಟ್ಟೆ ತುಂಬುತ್ತಿದ್ದುದು ಹೊಲಿಗೆ ಮೆಷಿನ್ನಿನಿಂದ. ನಾಯಿಯ ಜೀವ ಬಾಯಿಗೆ ಬರುತ್ತಿದ್ದುದೂ ಅದರಿಂದಲೇ. ಸೊಸೆ ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ಬಾಲವನ್ನು ಹೊಟ್ಟೆಯಡಿ ಸೇರಿಸಿಕೊಂಡು ಬಚ್ಚಲುಮನೆಯ ಮೂಲೆ ಹಿಡಿಯುತ್ತಿತ್ತು. ಪೊರಕೆ, ಕೊಡೆ, ಬಕೆಟ್ಟು ಎಲ್ಲವೂ ಅದಕ್ಕೆ ಹುಲಿಗಳೇ. ಅತ್ತೆ ಪುಕ್ಕಲ ಎಂದೇ ಹೆಸರಿಟ್ಟಿದ್ದರು. ಅದನ್ನು ಬೀದಿಯಿಂದ ಎತ್ತಿ ತಂದವನು ಅವರ ಮಗ. ತಂದ ಸ್ವಲ್ಪ ದಿನಕ್ಕೇ ಅವನು ತೀರಿಕೊಂಡ.

ಹಸಿವಿನ ಮುಂದೆ ಹೆದರಿಕೆ ನಿಲ್ಲದು ಎಂದು ಸೊಸೆ ಊಟದ ತಟ್ಟೆಯನ್ನು ದಿನಕ್ಕಿಷ್ಟು ಮೆಷಿನ್ನಿನ ಹತ್ತಿರಕ್ಕೆ ಸರಿಸುತ್ತಾ ಬಂದಳು. ಕೊನೆಗೆ ನಾಯಿ ತಟ್ಟೆ ಕಂಡರೂ ಓಡತೊಡಗಿತು. ಪಕ್ಕೆಲುಬು ಎದ್ದು ಕಂಡವು. ಹಾಲಿನವನು ಕನಿಕರಪಟ್ಟು, ತನ್ನ ಕೊಟ್ಟಿಗೆಯಲ್ಲಿ ಯಾವ ಮೆಷಿನ್ನೂ ಇಲ್ಲ, ಭಾನುವಾರ ಬಂದು ಒಯ್ಯುತ್ತೇನೆ ಎಂದ. ಅವಳು ಆಗಲಿ ಎಂದಳು. ಗಂಡ ಹೋದಮೇಲೆ ಯಾರು ಏನು ಕೇಳಿದರೂ ಅವಳ ಉತ್ತರ ಅದೊಂದೇ.

ಅಂದು ಸಂಜೆ ಅತ್ತೆ ಬಟ್ಟೆ ಮಡಚುತ್ತಾ ಹೇಳಿದರು: "ಅದಕ್ಕೆ ಮೆಷಿನ್ ಭಯ ಇತ್ತು ಕಣೇ. ನೀನು ಅನ್ನದ ಭಯಾನೂ ಕಲಿಸ್ಬಿಟ್ಟೆ."

"ಮತ್ತೇನ್ ಮಾಡ್ಲಿ ಅತ್ತೆ?"

"ಅದನ್ನ ಕರೀಬೇಡ. ಅದು ಎಲ್ಲಿದ್ಯೋ ಅಲ್ಲಿಗೇ ನಾವು ಹೋಗೋಣ."

ತಟ್ಟೆ ಅಟ್ಟ ಸೇರಿತು. ಸೊಸೆ ಪೆಡಲು ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿ ಒಂದೇ ಒಂದು ಹೊಲಿಗೆ ಹಾಕುವಳು. ಟಕ್ ಎಂದ ಮೇಲೆ, ಬಚ್ಚಲ ಬಾಗಿಲಲ್ಲಿ ಮಣೆ ಹಾಕಿ ಕೂತ ಅತ್ತೆ ಅಂಗೈಯಲ್ಲಿ ರೊಟ್ಟಿ ಚೂರು ಹಿಡಿಯುವರು. ಸದ್ದು ಮೊದಲು, ರೊಟ್ಟಿ ಆಮೇಲೆ, ಅಪ್ಪಿತಪ್ಪಿಯೂ ತಿರುವುಮುರುವಾಗುವಂತಿಲ್ಲ. ಯೂನಿಫಾರ್ಮಿಗೆಂದು ಬಂದ ಬಸ್ ಕಂಡಕ್ಟರ್ ಇದನ್ನು ನೋಡಿ, "ಅಕ್ಕಾ, ಹೀಗಾದ್ರೆ ನನ್ನ ಶರ್ಟು ರಿಟೈರ್ ಆದ್ಮೇಲೇ ಸಿಗೋದು" ಎಂದ. ತಾಳಿದವನು ಬಾಳಿಯಾನು ಎಂದು ಅತ್ತೆ ಅವನನ್ನು ಸಾಗಹಾಕಿದರು.

ವಾರ ಕಳೆಯುವಷ್ಟರಲ್ಲಿ ಪುಕ್ಕಲ ನಡುಮನೆಯವರೆಗೆ ಬಂತು. ಎರಡು ಹೊಲಿಗೆ ಒಟ್ಟಿಗೆ ಬಿದ್ದರೆ ಮತ್ತೆ ಬಚ್ಚಲಿಗೇ ಓಟ.

ಭಾನುವಾರ ಹಾಲಿನವನು ಹಗ್ಗ ಹಿಡಿದು ಹಿತ್ತಲ ಬಾಗಿಲಿಂದ ಒಳಬಂದ. ಬಚ್ಚಲಿನ ದಾರಿ ಅವನ ಬೆನ್ನ ಹಿಂದಾಯಿತು. ನಾಯಿ ಅತ್ತ ನೋಡಿತು, ಇತ್ತ ನೋಡಿತು, ಹೊಲಿಗೆಯ ಕೋಣೆಗೆ ನುಗ್ಗಿ ಸೀದಾ ಹೊಲಿಯಲು ಕೂತಿದ್ದ ಸೊಸೆಯ ಮೆಷಿನ್ನಿನ ಅಡಿಗೆ ತೂರಿಕೊಂಡಿತು.

"ಒಳ್ಳೇದೇ ಆಯ್ತು. ಹಾಗೇ ಹಿಡ್ಕೊಳ್ಳಿ ಅಕ್ಕ" ಎಂದ ಹಾಲಿನವನು.

ಅವಳು ಬಗ್ಗಿ ನೋಡಿದಳು. ಪುಕ್ಕಲ ಅವಳ ಪಾದದ ಮೇಲೆ ಗದ್ದವೂರಿ ಕಣ್ಣು ಮುಚ್ಚಿತ್ತು. ಅದರ ನಡುಕ ಅವಳ ಮೊಣಕಾಲಿನವರೆಗೂ ಏರುತ್ತಿತ್ತು.

"ಬೇಡ" ಎಂದಳು.

ಹಾಲಿನವನಿಗೆ ಕೇಳಿಸಲಿಲ್ಲವೇನೋ, ಇನ್ನೊಂದು ಹೆಜ್ಜೆ ಮುಂದಿಟ್ಟ. ಅತ್ತೆ ಅಡ್ಡ ಬಂದು ನಿಂತರು.

"ಅವಳು ಬೇಡ ಅಂದ್ಲು ಕಣಪ್ಪ" ಎಂದರು. ಮತ್ತೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಬೇಡ ಅಂದ್ಲು" ಎಂದರು.