ಹನ್ನೊಂದು ಗಂಟೆಯ ಸಹಿ

ಅಕ್ಕನ ಬಗ್ಗೆ ಹನ್ನೆರಡು ಪುಟ ಬರೆದುಕೊಡಿ ಎಂದು ಕೇಳಿದ್ದರು. ನಾನು ಹನ್ನೊಂದು ಬರೆದು, ನೆನಪಿರುವುದು ಇಷ್ಟೇ ಎಂದು ಕೊಟ್ಟೆ. ಮರೆವಿನ ಕಾಯಿಲೆ ಅಕ್ಕನಿಗೆ, ನನಗಲ್ಲ. ಆದರೂ ಯಾರೂ ಅನುಮಾನಪಡಲಿಲ್ಲ. ಎಪ್ಪತ್ತು ದಾಟಿದವಳು ಮರೆತೆ ಅಂದರೆ ಎಲ್ಲರೂ ನಂಬುತ್ತಾರೆ.

ಅಕ್ಕನನ್ನು ಹಗಲು ಹೊತ್ತು ಬಿಡುವ ಆರೈಕೆ ಕೇಂದ್ರದಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಮರೆವಿನವರ ಹಳೆಯ ಬದುಕನ್ನು ಮನೆಯವರಿಂದ ಬರೆಸಿ, ಅದಕ್ಕೆ ಹೊಂದುವಂಥ ಕೆಲಸವನ್ನು ಅವರ ಕೈಗೆ ಕೊಟ್ಟರೆ ಸಿಟ್ಟು, ಕೂಗಾಟ ಇಳಿಯುತ್ತದೆಯೇ ಎಂದು ನೋಡುವುದು. ಅದನ್ನು ನಡೆಸುತ್ತಿದ್ದ ಹುಡುಗಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವವಳು. ಮರೆವಿನ ಬಗ್ಗೆ ಓದಲು ತಕ್ಕವಳೇ ಅಂದುಕೊಂಡಿದ್ದೆ.

ನನ್ನ ಹನ್ನೊಂದು ಪುಟದ ಅಕ್ಕ ಬಹಳ ಒಳ್ಳೆಯ ಹೆಂಗಸು. ಬಟ್ಟೆ ಮಡಿಸುವುದೆಂದರೆ ಇಷ್ಟ. ಕಾಳು ಆರಿಸುವುದು ಇಷ್ಟ, ಗಿಡಕ್ಕೆ ನೀರು ಹಾಕುವುದು ಇಷ್ಟ. ನಿಜ ಹೇಳಬೇಕೆಂದರೆ ಅವೆಲ್ಲ ನನ್ನ ಕೆಲಸಗಳು. ಅಕ್ಕ ತಾನು ಬಿಚ್ಚಿಟ್ಟ ಬಟ್ಟೆಯನ್ನೂ ಮಡಿಸಿದವಳಲ್ಲ.

ಬಿಟ್ಟ ಪುಟ ಅವಳ ಪ್ರಯೋಗಾಲಯದ್ದು. ಕುದಿಯುವ ನೀರಿನ ಬುಗ್ಗೆಗಳಿಂದ ಕೆಸರು ತಂದು, ಅದರಲ್ಲಿ ಬದುಕುವ ಕಣ್ಣಿಗೆ ಕಾಣದ ಜೀವಿಗಳನ್ನು ಅವಳು ಸಾಕುತ್ತಿದ್ದಳು. ಒಮ್ಮೆ ನಾನು ಮೊಟ್ಟೆ ಬೇಯಿಸುತ್ತಿದ್ದಾಗ ಪಕ್ಕದಲ್ಲಿ ನಿಂತು ಹೇಳಿದ್ದಳು.

"ನೋಡು, ತಿಂದಿದ್ದನ್ನ ಅರಗಿಸೋದಕ್ಕೆ ನಮ್ಮ ಮೈಯಲ್ಲಿ ಕಿಣ್ವ ಅಂತ ಇರ್ತವೆ. ಬಿಸಿ ಜಾಸ್ತಿ ಆದ್ರೆ ಈ ಮೊಟ್ಟೆ ಥರ ಗಟ್ಟಿಯಾಗಿ ಕೆಲಸಕ್ಕೆ ಬಾರದೆ ಹೋಗ್ತವೆ. ನನ್ನ ಬುಗ್ಗೆ ಜೀವಿಗಳದ್ದು ಹಾಗಲ್ಲ. ಅವುಗಳ ಕಿಣ್ವಕ್ಕೆ ಬಿಸಿ ಇದ್ರೇನೇ ಚುರುಕು. ತಣ್ಣಗಾದ್ರೆ ತೂಕಡಿಸುತ್ತೆ."

ಪಾತ್ರೆ ಇಳಿಸುವಾಗ ನನ್ನ ಬೆರಳು ಸುಟ್ಟದ್ದು ಅವಳಿಗೆ ಕಾಣಿಸಲಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿಮೂರು. ಇಬ್ಬರಲ್ಲಿ ಒಬ್ಬಳು ಶಾಲೆ ಬಿಡಬೇಕಾಯಿತು. "ಚಿಕ್ಕವಳಿಗೆ ತಾಳ್ಮೆ ಜಾಸ್ತಿ" ಅಂದರು ಅಪ್ಪ. ಹೊಗಳಿದರೆಂದು ಹಿಗ್ಗಿದ್ದೆ, ಪೆದ್ದಿ. ಕಲಿತಿದ್ದ ನಾಲ್ಕಕ್ಷರವೂ ಒಲೆಯ ಮುಂದೆ ಆವಿಯಾಗಿ ಹೋಯಿತು. ನಲವತ್ತಾರಕ್ಕೆ ರಾತ್ರಿ ಶಾಲೆ ಸೇರಿದೆ. ಓದು ಒಂದು ಹದಕ್ಕೆ ಬಂದ ಮೇಲೆ ನಾನು ಮೊದಲು ಹುಡುಕಿದ್ದು ಅಕ್ಕನ ಅಚ್ಚಾದ ಪ್ರಬಂಧದ ಕೊನೆಯ ಸಾಲು. ಯಾರಿಗೆ ಕೃತಜ್ಞಳು ಎಂದು ಅಲ್ಲಿ ಬರೆದಿರುತ್ತಾರೆ. ಅವಳ ಸಹಾಯಕಿಯ ಹೆಸರಿತ್ತು. ಮೂವತ್ತು ವರ್ಷ ಬುತ್ತಿ ಕಟ್ಟಿದವಳ ಹೆಸರಿರಲಿಲ್ಲ.

ಆ ಸಹಾಯಕಿಯನ್ನು ಅಕ್ಕ ಕರೆಯುತ್ತಿದ್ದುದು ಮಿಡತೆ ಎಂದು. ಬುಗ್ಗೆಯ ಬಂಡೆಗಳ ಮೇಲೆ ಒಂದರಿಂದೊಂದಕ್ಕೆ ನೆಗೆಯುತ್ತಿದ್ದಳಂತೆ. ಊಟಕ್ಕೆ ಕೂತರೆ ಮಿಡತೆಯ ಪುರಾಣ. ಮಿಡತೆಯ ಕಣ್ಣು ಎಷ್ಟು ಚುರುಕು, ಮಿಡತೆ ಇಲ್ಲದಿದ್ದರೆ ನನ್ನ ಗತಿ ಏನು. ನಾನು ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅಕ್ಕನ ತಟ್ಟೆಗೆ ಉಪ್ಪು ಒಂದು ಚಿಟಿಕೆ ಹೆಚ್ಚಿಗೆ ಬಿದ್ದ ದಿನಗಳೂ ಉಂಟು.

ಈಗ ಹೇಳಿ, ಇದನ್ನೆಲ್ಲ ಹನ್ನೆರಡನೆಯ ಪುಟವಾಗಿ ನನ್ನ ಕೈಯಾರೆ ಬರೆಯಬೇಕಿತ್ತೆ? ಬುದ್ಧಿ ಇದ್ದಾಗಲೂ ಎಲ್ಲರೂ ಅವಳ ಸುತ್ತ, ಬುದ್ಧಿ ಹೋದ ಮೇಲೂ ಪೆನ್ನು ಹಿಡಿದವರು ಅವಳ ಸುತ್ತ. ನನ್ನನ್ನು ಅಧ್ಯಯನ ಮಾಡಲು ಯಾರೂ ಬಂದಿರಲಿಲ್ಲ.

ಕೇಂದ್ರದಲ್ಲಿ ದಿನವೂ ಹನ್ನೊಂದಕ್ಕೆ ಗಲಾಟೆ ಶುರುವಾಗುತ್ತಿತ್ತು. ಅಕ್ಕ ಎದ್ದು ನೇರ ಅಡುಗೆಮನೆಯ ಬಾಗಿಲಿಗೆ ಹೋಗುವಳು. ಒಳಗೆ ಟೀಗೆ ನೀರು ಕಾಯಿಸುವ ದೊಡ್ಡ ಬಾಯ್ಲರ್ ಗುಂಯ್ ಎನ್ನುತ್ತಿರುತ್ತದೆ. ಬಿಸಿಯ ಹತ್ತಿರ ಬಿಡಬಾರದೆಂದು ಚಿಲಕ ಹಾಕಿರುತ್ತಾರೆ. ಅಕ್ಕ ಎರಡೂ ಕೈಯಲ್ಲಿ ಬಡಿಯುವಳು.

"ಹಸಿವು ಅಂತ ಕಾಣುತ್ತೆ ಅಜ್ಜಿಗೆ" ಎಂದು ಒಂದು ದಿನ ಆಯಾ ಬಿಸ್ಕತ್ತು ಕೊಟ್ಟಳು. ಬಿಸ್ಕತ್ತು ಗೋಡೆಗೆ ಹೋಗಿ ಬಡಿಯಿತು. ನನ್ನ ಪುಟಗಳನ್ನು ಓದಿದ್ದ ಅವಳು ಟವೆಲಿನ ರಾಶಿ ತಂದು ಮುಂದಿಟ್ಟಳು. "ಬನ್ನಿ ಅಜ್ಜಿ, ಮಡಿಸೋಣ. ನಿಮಗೆ ಇಷ್ಟ ಅಲ್ವಾ?"

ಅಕ್ಕ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಇದನ್ನ ನನ್ನ ತಂಗಿಗೆ ಕೊಡಿ. ಇಂಥದ್ದೆಲ್ಲ ಅವಳು ಮಾಡ್ತಾಳೆ."

ಮೂರು ಮಾರು ದೂರದ ಬೆಂಚಿನಲ್ಲಿ ನಾನು ಕೂತಿದ್ದೆ. ಅವಳ ಕಣ್ಣು ನನ್ನ ಮೇಲೆ ಹಾದು ಹೋಯಿತು, ಕುರ್ಚಿಯ ಮೇಲೆ ಹಾದುಹೋದ ಹಾಗೆ.

ಆ ವಾರದ ಶುಕ್ರವಾರ ಅವಳು ಆಯಾಳ ಕೈ ತಿರುಚಿದಳು. ಮೇಲ್ವಿಚಾರಕಿ ನನ್ನನ್ನು ಕರೆಸಿ, ಮಾತಿಗೆ ಸಕ್ಕರೆ ಹಾಕದೆ ಹೇಳಿದರು. "ಇನ್ನೊಂದು ವಾರ ನೋಡ್ತೀವಿ. ನಿಲ್ಲದಿದ್ರೆ ಮೇಲಿನ ಮಹಡಿಗೆ ಹಾಕಬೇಕಾಗುತ್ತೆ."

ಮೇಲಿನ ಮಹಡಿ ನಾನು ನೋಡಿದ್ದೆ. ಹೊರಗಿನಿಂದ ಬೀಗ. ಬಾಗಿಲಿನ ಗಾಜಿನಲ್ಲಿ ಇಣುಕಿದರೆ ಮಾತ್ರೆ ನುಂಗಿ ಹಗಲಲ್ಲೇ ಬಾಯಿ ತೆರೆದು ಮಲಗಿದವರು. ರಾತ್ರಿಗೂ ಅಲ್ಲೇ. ಅಕ್ಕ ಮತ್ತೆ ಮನೆಗೆ ಬರುವಂತಿಲ್ಲ.

ಅಧ್ಯಯನದ ಹುಡುಗಿ ನನ್ನ ಪಕ್ಕ ಬಂದು ಕೂತಳು. "ಅಮ್ಮಾ, ಸ್ವಲ್ಪ ಯೋಚನೆ ಮಾಡಿ. ಮುಂಚೆ ಹನ್ನೊಂದು ಗಂಟೆಗೆ ಇವರು ಏನು ಮಾಡ್ತಿದ್ರು?"

ಗೊತ್ತಿತ್ತು. ಆ ಬಾಗಿಲನ್ನು ಅವಳು ಯಾಕೆ ಬಡಿಯುತ್ತಾಳೆಂದು ಮೊದಲ ದಿನವೇ ಗೊತ್ತಾಗಿತ್ತು.

"ಗೊತ್ತಿಲ್ಲಮ್ಮ" ಅಂದೆ.

ಅವಳು ನಿಟ್ಟುಸಿರು ಬಿಟ್ಟಳು. "ಪರವಾಗಿಲ್ಲ. ಇವರ ಹಳೇ ಪ್ರಬಂಧ ಒಂದು ಸಿಕ್ಕಿದೆ. ಅದರಲ್ಲಿ ಸಹಾಯಕಿ ಹೆಸರಿದೆ, ಅವರನ್ನೇ ಕರೆಸ್ತೀನಿ. ಇವರನ್ನ ಅವರಷ್ಟು ಹತ್ತಿರದಿಂದ ನೋಡಿದವರು ಇನ್ಯಾರಿರ್ತಾರೆ?"

"ಕೂತ್ಕೊ" ಅಂದೆ. "ಮಿಡತೆಗೇನು ಗೊತ್ತು, ಮಣ್ಣು. ಬರ್ಕೊ, ನಾನು ಹೇಳ್ತೀನಿ."

"ಯಾವ ಮಿಡತೆ ಅಮ್ಮಾ?"

"ಮೊದಲು ತಲೆ ಮೇಲಿನ ಕನ್ನಡಕ ಇಳಿಸು."

ಅಕ್ಕನ ಮೇಲಿನ ಕನಿಕರದಿಂದ ಹೇಳಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಮಹಡಿಯ ಬೀಗಕ್ಕೂ ಜಗ್ಗದ ನನ್ನ ಬಾಯನ್ನು ಮಿಡತೆಯ ಹೆಸರು ತೆರೆಸಿತು. ಅವಳು ಬಂದು, ಅಕ್ಕನ ಮುಖ ಅರಳಿ, ಅದನ್ನು ನಾನು ಬೆಂಚಿನಲ್ಲಿ ಕೂತು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಹೇಳಿದೆ. ಬುಗ್ಗೆಯ ಜೀವಿಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟಿರುತ್ತಾರೆ. ನೀರು ತಣಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳು. ಅದಕ್ಕೆ ದಿನವೂ ಹನ್ನೊಂದಕ್ಕೆ ಒಬ್ಬರು ಶಾಖ ಓದಿ ಹಾಳೆಯಲ್ಲಿ ಬರೆಯಬೇಕು, ಇನ್ನೊಬ್ಬರು ತಾವೂ ಓದಿ ಪಕ್ಕದಲ್ಲಿ ಸಹಿ ಹಾಕಬೇಕು. ಒಬ್ಬರ ಕಣ್ಣನ್ನೇ ನಂಬುವಂತಿಲ್ಲ. ಬಾಗಿಲ ಹಿಂದಿನ ಗುಂಯ್ ಶಬ್ದ ಅಕ್ಕನಿಗೆ ತನ್ನ ತೊಟ್ಟಿಯದು.

ಸೋಮವಾರ ಬಾಯ್ಲರಿನ ಮುಂದೆ ಜಾಲರಿ ಅಡ್ಡ ಇಟ್ಟು, ಎರಡು ಕುರ್ಚಿ ಹಾಕಿದರು. ನಾನು ಶಾಲೆಯ ಅಡಿಗೋಲಿನಿಂದ ಗೆರೆ ಎಳೆದ ಹಾಳೆ ಒಯ್ದಿದ್ದೆ. ಹನ್ನೊಂದಕ್ಕೆ ಚಿಲಕ ತೆಗೆದರು. ಅಕ್ಕ ಒಳಗೆ ಹೋದಳು, ಬಾಯ್ಲರಿನ ಮುಳ್ಳನ್ನು ಬಗ್ಗಿ ನೋಡಿದಳು, ಪೆನ್ಸಿಲು ತೆಗೆದುಕೊಂಡು ಎಪ್ಪತ್ತೆಂಟು ಎಂದು ಬರೆದಳು. ಬಾಗಿಲಲ್ಲಿ ನಿಂತಿದ್ದ ಆಯಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಏ ಮಿಡತೆ, ಏನು ನಿಂತು ನೋಡ್ತಾ ಇದೀಯ? ಬಂದು ಓದು."

ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ಆಯಾ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಕ್ಕ ಕರೆದದ್ದು ನನ್ನನ್ನೇ.

ಹೋದೆ, ಬಗ್ಗಿದೆ. "ಎಪ್ಪತ್ತೆಂಟು ಮೇಡಂ" ಅಂದೆ. ಒಡಹುಟ್ಟಿದವಳಿಗೆ ಮೇಡಂ.

"ಸಹಿ."

ಏನೋ ಒಂದು ಗೀಚಿದ್ದರೆ ಸಾಕಿತ್ತು. ಆದರೆ ಮಿಡತೆಯ ಹೆಸರು ನನ್ನ ಕೈಯಿಂದ ಬರಲು ಸಾಧ್ಯವೇ ಇರಲಿಲ್ಲ. ರಾತ್ರಿ ಶಾಲೆಯಲ್ಲಿ ಕಲಿತ ಹಾಗೆ, ಒಂದು ಅಕ್ಷರವನ್ನೂ ಅವಸರಿಸದೆ, ನನ್ನ ಹೆಸರನ್ನೇ ಪೂರ್ತಿಯಾಗಿ ಬರೆದೆ.

ಅಕ್ಕ ಹಾಳೆಯನ್ನು ದೂರ ಹಿಡಿದು ಓದಿದಳು. "ಇದು ನಿನ್ನ ಸಹಿ ಅಲ್ಲ."

"ಅಲ್ಲ ಮೇಡಂ."

"ನನ್ನ ತಂಗಿ ಹೆಸರು. ಸುಳ್ಳು ಸಹಿ ಹಾಕಬಾರದು ಅಂತ ಎಷ್ಟು ಸಲ ಹೇಳಿದೀನಿ? ಅವಳು ಹೆಬ್ಬೆಟ್ಟು ಒತ್ತೋಳು."

"ಈಗ ಕಲಿತಿದಾಳೆ ಮೇಡಂ. ಅವಳೇ ಹಾಕಿದ್ದು."

ಅಕ್ಕ ಬೆರಳಿನಿಂದ ಅಕ್ಷರಗಳ ಮೇಲೆ ಒಮ್ಮೆ ಸವರಿದಳು. ಬೈಯುತ್ತಾಳೆಂದು ಕಾದೆ.

"ದುಂಡಗೆ ಬರೀತಾಳೆ" ಅಂದಳು. "ಅವಳಿಗೆ ತಾಳ್ಮೆ ಜಾಸ್ತಿ. ನಾಳೆಯಿಂದ ನೀನು ಬರಬೇಡ. ಅವಳನ್ನೇ ಕಳಿಸು."

"ಆಗಲಿ ಮೇಡಂ" ಅಂದೆ.

ಮಹಡಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಹನ್ನೆರಡನೆಯ ಪುಟ ಬರೆದುಕೊಟ್ಟೆ. ಬಟ್ಟೆ ಮಡಿಸುವ ಸಾಲನ್ನು ಹೊಡೆದುಹಾಕಿ, ಅದು ನನ್ನದು ಎಂದು ಅಂಚಿನಲ್ಲಿ ಬರೆದೆ. ದಿನವೂ ಹನ್ನೊಂದಕ್ಕೆ ಹೋಗುತ್ತೇನೆ, ಮಿಡತೆಯಾಗಿ ಬೈಸಿಕೊಳ್ಳುತ್ತೇನೆ, ನನ್ನ ಹೆಸರು ಬರೆಯುತ್ತೇನೆ. ಅಕ್ಕ ದಿನವೂ ಅದನ್ನು ಓದಿ, ತಂಗಿ ಯಾಕೆ ಇನ್ನೂ ಬಂದಿಲ್ಲ ಎಂದು ಬಾಗಿಲ ಕಡೆ ನೋಡುತ್ತಾಳೆ.

ಮಿಡತೆಯ ಮೇಲಿನ ಹೊಟ್ಟೆಕಿಚ್ಚು ಈಗ ಅಷ್ಟಿಲ್ಲ. ಆ ತಂಗಿಯ ಮೇಲೆ ಇದೆ. ಒಂದು ದಿನವೂ ಬಾರದೆ, ಅಷ್ಟು ಬೇಕಾದವಳಾಗಿ ಕೂತಿದ್ದಾಳೆ.