ಯಾದಯ್ಯನ ಹೊಲದಲ್ಲಿ ಚರಗ

ಎಳ್ಳಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ಶಿವದೇವಿ ಮಗಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು: ಈ ವರ್ಷ ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಇಲ್ಲ, ಸಜ್ಜೆ ರೊಟ್ಟಿ ಇಲ್ಲ, ಹೊಲಕ್ಕೆ ಹೋಗುವುದೂ ಇಲ್ಲ. ಗಂಡ ವೈಜನಾಥ ಎದೆನೋವೆಂದು ಮಲಗಿದವನು ಏಳದೆ ಹೋದದ್ದು ಶ್ರಾವಣದಲ್ಲಿ. ವರ್ಷ ತುಂಬುವ ತನಕ ಹಬ್ಬ ಮಾಡಬಾರದೆಂಬುದು ಬೀದರ ಕಡೆಯ ಪದ್ಧತಿ. ತೆಲುಗು ಸೀಮೆಗೆ ಬಂದು ಕೋಠಿಯ ಓಣಿಯಲ್ಲಿ ಬಾಡಿಗೆಗಿದ್ದ ಮಾತ್ರಕ್ಕೆ ಪದ್ಧತಿ ಬಿಟ್ಟೀತೇ?

ಹಾಗೆ ನೋಡಿದರೆ ಇವರಿಗೆ ಹೊಲವೇ ಇರಲಿಲ್ಲ. ಎಳ್ಳಮಾವಾಸ್ಯೆಯೋ ಹೊಲ ಇದ್ದವರ ಹಬ್ಬ. ಬುತ್ತಿ ಕಟ್ಟಿಕೊಂಡು ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಮಾಡಿದ ಅಡಿಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲಬೇಕು. ಚೆಲ್ಲುವವರು 'ಓಲಗ್ಯಾ ಓಲಗ್ಯಾ' ಎಂದು ಕೂಗಿದರೆ ಹಿಂದೆ ಬರುವವರು 'ಸಾಲಂ ಪಲಗ್ಯಾ' ಎಂದು ಓಗೊಡಬೇಕು. ಅರ್ಥ ಯಾರಿಗೂ ಗೊತ್ತಿಲ್ಲ. ಭೂಮಿತಾಯಿಗೆ ಗೊತ್ತಿದ್ದರೆ ಸಾಕು.

ವೈಜನಾಥ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಓವರ್‌ಟೈಮ್ ಎಂದರೆ ಒಲ್ಲೆ ಎಂದವನಲ್ಲ. ಮಗಳು ಪ್ರೇಮಾ ಕಾಲೇಜು ಮೆಟ್ಟಿಲು ಹತ್ತಿದ್ದು ಆ ಬೆವರಿನಿಂದಲೇ. ಆದರೆ ರಜೆ ಬಂತೋ, ಕಾಲಿಗೆ ಚಕ್ರ. ಗೋಲ್ಕೊಂಡದ ಹಿಂದಿನ ಬಂಡೆಗಳು, ಗಂಡಿಪೇಟೆಯ ಕೆರೆದಂಡೆ, ಸೀತಾಫಲದ ಗುಡ್ಡ. ಚಿಕ್ಕವಳಿದ್ದಾಗ ಮಗಳು ಅವನ ಹೆಗಲ ಮೇಲೆ. ಹರಿದ ಚಪ್ಪಲಿ ಕೈಯಲ್ಲಿ ಹಿಡಿದು ಗೊಣಗುತ್ತ ಶಿವದೇವಿ ಹಿಂದೆ. ಮನೆಯಲ್ಲಿ ಕೂತು ದಣಿವಾರಿಸಿಕೊಳ್ಳಬಾರದೇ ಎಂದರೆ ಅವನದು ಒಂದೇ ಉತ್ತರ: "ದಿನಾ ಬೆಂಕಿ ಮುಂದ ನಿಂದ್ರತೀನಿ. ಒಂದಿನ ಗಾಳಿ ಮುಂದ ನಿಂದ್ರಬಾರದೇನ?"

ಹೊಲ ಸಿಕ್ಕಿದ ಕತೆಯೂ ಅವನಂಥದೇ. ಪ್ರೇಮಾ ಕೈಗೂಸಾಗಿದ್ದ ವರ್ಷ, ಬಸ್ಸಿನ ಕಿಟಕಿಯಿಂದ ಕಣ್ಣಿಟ್ಟಿದ್ದ ಜೋಳದ ಹೊಲವೊಂದಕ್ಕೆ ಎಳ್ಳಮಾವಾಸ್ಯೆಯ ದಿನ ಹೆಂಡತಿ ಕೂಸಿನೊಂದಿಗೆ ನುಗ್ಗಿಬಿಟ್ಟ. ಯಾರ ಹೊಲವೆಂದು ಕೇಳುವ ವ್ಯವಧಾನ ಎಲ್ಲಿಯದು! ಅಮಾವಾಸ್ಯೆಯ ದಿನ ಗುರುತಿಲ್ಲದವನೊಬ್ಬ ಬೆಳೆಗೆ ಅನ್ನ ಎರಚುತ್ತ ತಿಳಿಯದ ಮಂತ್ರ ಕೂಗುತ್ತಿದ್ದುದನ್ನು ಕಂಡು, ಹೊಲದ ಯಜಮಾನ ಯಾದಯ್ಯ ಬಾಣಾಮತಿ ಮಾಟವೆಂದೇ ತಿಳಿದು ಬಡಿಗೆ ಎತ್ತಿಕೊಂಡು ಓಡಿ ಬಂದ. ವೈಜನಾಥ ಕದಲಲಿಲ್ಲ. ಅದೇ ಅನ್ನವನ್ನು ಬೊಗಸೆ ತುಂಬ ತೆಗೆದು ತಾನೇ ತಿಂದು ತೋರಿಸಿದ. ಮಾಟದ ಅನ್ನವನ್ನು ಮಾಡಿದವನೇ ತಿಂದಾನೇ? ಸ್ವಲ್ಪ ಹೊತ್ತಿಗೆ ಯಾದಯ್ಯ ಬಡಿಗೆ ಪಕ್ಕಕ್ಕಿಟ್ಟು ಎರಡನೆಯ ಸಲ ಭಜ್ಜಿಗೆ ಕೈಯೊಡ್ಡಿದ್ದ. ಮರುವರ್ಷದಿಂದ ಕಲ್ಲಿಗೆ ಸುಣ್ಣ ಹಚ್ಚುವ ಕೆಲಸ ಅವನದೇ ಆಯಿತು.

ಪ್ರತಿ ವರ್ಷ ವೈಜನಾಥ ಮುಂದೆ ಕೂಗುತ್ತಿದ್ದ; ಪರರ ಹೊಲದಲ್ಲಿ ನಾಚಿಕೊಂಡು ಶಿವದೇವಿ ಬಾಯೊಳಗೇ ಓಗೊಡುತ್ತಿದ್ದಳು. "ಜೋರಲೆ ಅನ್ನು, ಹೊಲಕ್ಕ ಕೇಳಸಬೇಕು" ಎಂದು ಅವನು ತಿರುಗಿ ನೋಡಿ ನಗುತ್ತಿದ್ದ. ಆ ನಗುವಿಲ್ಲದ ಹೊಲಕ್ಕೆ ಕಾಲಿಡಲು ಅವಳಿಗೆ ಧೈರ್ಯವಿರಲಿಲ್ಲ. ಪದ್ಧತಿ ಅರ್ಧ ನೆಪ.

ಅಮಾವಾಸ್ಯೆಯ ಹಿಂದಿನ ದಿನ ಪ್ರೇಮಾ ಒಂದೇ ಮಾತು ಕೇಳಿದಳು. "ಅವ್ವಾ, ಅಪ್ಪ ಹೋದದ್ದು ಯಾದಯ್ಯ ಕಾಕಾಗ ಯಾರು ಹೇಳ್ಯಾರ? ಸುಣ್ಣ ಹಚ್ಚಿ ಹಾದಿ ಕಾಯ್ತಾನ."

ಯಾರೂ ಹೇಳಿರಲಿಲ್ಲ. ಹೇಳಲಾದರೂ ಹೋಗಲೇಬೇಕು, ಬರಿಗೈಯಲ್ಲಿ ಹೇಗೆ ಹೋಗುವುದು? ಬೆಳಕು ಹರಿಯುವ ಮುಂಚೆಯೇ ಒಲೆ ಹೊತ್ತಿತು.

ಯಾದಯ್ಯ ಬದುವಿನ ಮೇಲೆಯೇ ನಿಂತಿದ್ದ. ಜೋಳದ ದಂಟಿನ ಗೂಡಿನಲ್ಲಿ ಐದು ಕಲ್ಲು ಬೆಳ್ಳಗೆ ಕೂತಿದ್ದವು. ತಾಯಿ ಮಗಳನ್ನು ಕಂಡವನು ಅವರ ಹಿಂದಿನ ಹಾದಿಯನ್ನು ನೋಡಿದ, ಮತ್ತೆ ಶಿವದೇವಿಯ ಹಣೆ ನೋಡಿದ. ಅವಳು ತನಗೆ ಬರುವ ಹರಕು ತೆಲುಗಿನಲ್ಲಿ ಹೇಳಿ ಮುಗಿಸುವ ಮೊದಲೇ ಕುಸಿದು ಕೂತ. ಇಬ್ಬರೂ ಅತ್ತರು.

ಸಮಾಧಾನವಾದ ಮೇಲೆ ಶಿವದೇವಿ ಬುಟ್ಟಿಯನ್ನು ಅವನ ಮುಂದಿಟ್ಟಳು. ಊಟ ಮಾಡು, ಚರಗ ಮಾತ್ರ ಬೇಡ ಎಂದಳು. ಗಂಡ ಸತ್ತವಳ ಕೈಯಿಂದ ನಿನ್ನ ಬೆಳೆಗೆ ಕೆಡುಕಾದರೆ ನಾನು ಹೇಗೆ ಸಹಿಸಲಿ ಎಂದಳು. ಇಷ್ಟು ದಿನ ಮಗಳ ಮುಂದೆಯೂ ಬಾಯಿಬಿಡದ ಭಯವದು.

ಯಾದಯ್ಯ ಬುಟ್ಟಿಯೊಳಗಿನ ಚರಗದ ಪಾತ್ರೆಗೆ ಕೈ ಹಾಕಿ, ಬೊಗಸೆ ತುಂಬ ಅನ್ನ ತೆಗೆದು, ಅವಳ ಮುಂದೆಯೇ ನಿಂತು ತಿಂದ. ಕೊನೆಯ ಅಗಳೂ ಬಿಡಲಿಲ್ಲ. ಆಮೇಲೆ ಪಾತ್ರೆಯನ್ನು ಎತ್ತಿ ಅವಳ ಕೈಗೇ ಕೊಟ್ಟ. ಆ ಬೊಗಸೆಯ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಜೋಳದ ಸಾಲಿಗಿಳಿದಳು. ತೆನೆ ತೂಗುವಷ್ಟು ಗಾಳಿಯಿತ್ತು, ಅವನಿಗೆ ಬೇಕಾಗುತ್ತಿದ್ದ ಗಾಳಿ. ಮೊದಲ ಹಿಡಿ ಚೆಲ್ಲಿದಳು. "ಓಲಗ್ಯಾ ಓಲಗ್ಯಾ" ಎಂದಳು. ಪಕ್ಕದ ದಂಟಿಗೂ ಕೇಳಿಸುವಂತಿರಲಿಲ್ಲ.

ಹಿಂದಿನಿಂದ ಯಾದಯ್ಯ, ವರ್ಷವರ್ಷವೂ ಕೇಳಿ ಕಲಿತಿದ್ದ ಒಂದೇ ಒಂದು ಕನ್ನಡದ ಮಾತನ್ನು ಆಡಿದ.

"ಜೋರಲೆ ಅನ್ನು, ಹೊಲಕ್ಕ ಕೇಳಸಬೇಕು."

ಶಿವದೇವಿ ತಿರುಗಿ ನೋಡಲಿಲ್ಲ. ಕಣ್ಣೊರೆಸಿಕೊಂಡು, ಎರಡನೆಯ ಹಿಡಿ ತುಂಬಿಕೊಂಡು, ರಸ್ತೆಯ ಬಸ್ಸಿನವರಿಗೂ ಕೇಳುವಂತೆ ಕೂಗಿದಳು.