ಎಡಗಿವಿಯ ಗೆರೆಗಳು

ಗೊಂಬೆಯ ಕೆನ್ನೆಯ ಮೇಲೆ ಉಳಿಯ ಗೆರೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮೂರು ಓನಿಲ್‌ನ ಗೊಂಬೆ ಕಾರ್ಖಾನೆಯಲ್ಲಿ ನನ್ನ ಕೆಲಸ ಅದೇ: ಮುಖದ ಮಾದರಿ ಕೊರೆಯುವಾಗ ಯಂತ್ರದ ಉಳಿ ಯಾವ ದಾರಿಯಲ್ಲಿ ಓಡಬೇಕು ಎಂದು ಕಂಪ್ಯೂಟರಿನಲ್ಲಿ ಗೊತ್ತುಮಾಡುವುದು. ಹಣೆಗೆ ಒಂದು ದಾರಿ, ಮೂಗಿಗೆ ಇನ್ನೊಂದು, ತುಟಿಯ ಮೂಲೆಗೆ ಬೇರೆಯೇ. ಉಳಿ ಅಲ್ಲಿ ಓಡಾಡಿದ್ದೇ ಯಾರಿಗೂ ತಿಳಿಯಬಾರದು.

ಹೋದ ವರ್ಷದ ಹಬ್ಬದಲ್ಲಿ ಬೀದಿಯಲ್ಲಿ ಬಿಟ್ಟ ರಾಕೆಟ್ಟೊಂದು ಅಡ್ಡ ತಿರುಗಿ ನನ್ನ ಹೆಂಡತಿ ಎಲ್ವೀರಾಳ ಎಡಗಿವಿಯನ್ನು ಕಿತ್ತುಕೊಂಡು ಹೋಯಿತು. ಕೇಳುವುದಕ್ಕೆ ತೊಂದರೆಯಾಗಲಿಲ್ಲ, ಹೊರಗಿನ ಕಿವಿ ಮಾತ್ರ ಇಲ್ಲ. ಅವಳು ನಮ್ಮ ಕಾರ್ಖಾನೆಯಲ್ಲೇ ಗೊಂಬೆಗಳಿಗೆ ಹುಬ್ಬು, ರೆಪ್ಪೆ ಬರೆಯುವವಳು. ಅಂದಿನಿಂದ ಬಣ್ಣದ ಕೆಲಸವನ್ನು ಮನೆಗೇ ತರಿಸಿಕೊಂಡು ಕೂತಳು. ಒಮ್ಮೆ ಬ್ರೆಡ್ಡಿನ ಅಂಗಡಿಯವಳು "ಪಾಪ" ಎಂದು ಒಂದು ಬನ್ನು ಹೆಚ್ಚಿಗೆ ಹಾಕಿದಳಂತೆ. ಅದನ್ನು ಅಲ್ಲೇ ಬೀದಿಗೆ ಎಸೆದು ಬಂದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಗಾಯ ವಾಸಿಯಾಯಿತು, ಊರಿನ ಮರುಕ ವಾಸಿಯಾಗಲಿಲ್ಲ.

ಆಸ್ಪತ್ರೆಯವರು ಸಿಲಿಕೋನ್ ಕಿವಿ ಮಾಡಿಸಿಕೊಡುತ್ತೇವೆ, ಸರದಿ ಬರುವವರೆಗೆ ಕಾಯಿರಿ ಎಂದರು. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಬುಟ್ಟಿಗಟ್ಟಲೆ ಕಿವಿ ತಯಾರಾಗುವ ಊರಿನಲ್ಲಿದ್ದುಕೊಂಡು ಒಂದು ಕಿವಿಗಾಗಿ ಸಾಲು ನಿಲ್ಲುವುದೇ? ಅವಳ ಬಲಗಿವಿಯನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಡಗಿವಿ ಮಾಡಿಕೊಂಡೆ. ಮಾಲೀಕನನ್ನು ಕೇಳಿ ಶನಿವಾರ ಯಂತ್ರವನ್ನು ಬಿಡಿಸಿಕೊಂಡೆ.

ಮೊದಲ ಮಾದರಿಗೆ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದೆ. ಬಾಚಣಿಗೆ ಎಳೆದಂತೆ ಒಂದರ ಪಕ್ಕ ಒಂದು ನೇರ ಗೆರೆ, ಕೂದಲೂ ತೂರದಷ್ಟು ಒತ್ತಾಗಿ. ಆಮೇಲೆ ನಮ್ಮ ಪಾಸ್ಕ್ವಾಲ್, ಪಾಲಿಷ್ ಮಾಡುವವನು, ಇಡೀ ಮಧ್ಯಾಹ್ನ ಉಜ್ಜಿದ. ಅದರಿಂದ ಅಚ್ಚು ತೆಗೆದು ಸಿಲಿಕೋನ್ ಹೊಯ್ದೆವು. ಎಂಥಾ ಕಿವಿ ಅಂತೀರಿ! ಬೆಣ್ಣೆಯಂತೆ ನುಣುಪು. ಮನೆಗೆ ಓಡಿಬಂದು ಎಲ್ವೀರಾಳ ಕೈಗಿಟ್ಟೆ.

ಅವಳು ಅದನ್ನು ದೀಪದ ಕೆಳಗೆ ಹಿಡಿದು ಅತ್ತಿತ್ತ ತಿರುಗಿಸಿದಳು. "ಬತಿಸ್ತೆ, ಇದು ಗೊಂಬೆ ಕಿವಿ."

"ಅಳತೆಯೆಲ್ಲ ನಿಂದೇ ಕಣೆ!"

"ಅಳತೆ ನಂದು, ಹೊಳಪು ಗೊಂಬೇದು. ಇದನ್ನ ಅಂಟಿಸ್ಕೊಂಡು ಹೋದ್ರೆ ಜನ ನಂಗೆ ಕಣ್ಣು ಮುಚ್ಚಿ ತೆರೆಯೋಕೆ ಬರುತ್ತಾ ಅಂತ ಕೇಳ್ತಾರೆ." ಹೇಳಿ, ಕೆಟ್ಟುಹೋದ ಗೊಂಬೆಗಳ ಡಬ್ಬಕ್ಕೆ ಅದನ್ನು ಹಾಕಿಬಿಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ದಢಾರನೆ ಹಾಕಿಕೊಂಡು ಹೋಗಿ ಚೌಕದಲ್ಲಿ ನಾಲ್ಕು ಸುತ್ತು ಹಾಕಿದೆ. ಸುತ್ತುತ್ತ ಸುತ್ತುತ್ತ, ಅವಳು ಹೇಳಿದ್ದು ಸರಿ ಎಂದು ತಿಳಿದು ಇನ್ನಷ್ಟು ಸಿಟ್ಟು ಬಂತು.

ಮುಂದಿನ ಶನಿವಾರ ಗೆರೆಗಳನ್ನು ಬೇಕೆಂದೇ ದೂರ ಮಾಡಿದೆ, ಪಾಲಿಷ್ ಬೇಡವೆಂದೆ. ಅದು ಇನ್ನೂ ಹಾಳಾಯಿತು. ನೇರ ಗೆರೆಯ ಹಣೆಬರಹವೇ ಅಷ್ಟು, ಸಮತಟ್ಟಾದ ಕಡೆ ಚೆನ್ನಾಗಿರುತ್ತದೆ, ಇಳಿಜಾರು ಬಂದ ಕಡೆ ಗೆರೆಗೂ ಗೆರೆಗೂ ನಡುವೆ ಬಾಯಿ ಬಿಡುತ್ತದೆ. ಕಿವಿಯಲ್ಲಿ ಸಮತಟ್ಟು ಜಾಗ ಎಲ್ಲಿದೆ? ಒಳಗೋಡೆಯ ಮೇಲೆಲ್ಲ ಮೆಟ್ಟಿಲು ಮೂಡಿತು.

"ಒಳ್ಳೆ ಏಣಿ ಮಾಡಿದೀಯ," ಎಂದ ಪಾಸ್ಕ್ವಾಲ್. "ನೊಣ ಹತ್ತಿ ಇಳಿಯೋಕೆ ಅನುಕೂಲ. ಕೊಡು ಮಾರಾಯ, ಒಂಚೂರು ಉಜ್ಜಿಕೊಡ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ!"

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗೊಂಬೆಯ ಮುಖಗಳಿಗೆ ದಾರಿ ಹಾಕಬೇಕಾದ ಹೊತ್ತಿನಲ್ಲಿ ಬಸ್ಸಿನಲ್ಲಿ, ಕಾಫಿ ಅಂಗಡಿಯಲ್ಲಿ ಕಂಡವರ ಕಿವಿ ನೋಡುತ್ತ ತಿರುಗಿದೆ. ಒಬ್ಬ ಹೆಂಗಸು ತನ್ನ ಓಲೆಯನ್ನು ಕೈಯಿಂದ ಮುಚ್ಚಿಕೊಂಡಳು. ಕಳ್ಳನೆಂದುಕೊಂಡಿರಬೇಕು.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಲ್ವೀರಾಳ ಬಲಗಿವಿಯಿಂದ ಕಣ್ಣು ಕೀಳಲಿಲ್ಲ.

"ಉಣ್ಣೋಕೆ ಬಿಡ್ತೀಯಾ ಇಲ್ವಾ? ಮದುವೆಯಾದ ಹೊಸದ್ರಲ್ಲೂ ಇಷ್ಟು ನೋಡಿರಲಿಲ್ಲ ನೀನು."

"ಅಲುಗಾಡಬೇಡ," ಎಂದು ಎದ್ದುಹೋಗಿ ಅವಳ ಕಿವಿಯ ಮೇಲೆ ಬೆರಳಿಟ್ಟೆ. ಮೇಲಿನ ಅಂಚಿನಿಂದ ಹೊರಟು, ಹಿಂದೆ ಬಳಸಿ, ಹಾಲೆಯನ್ನು ಸುತ್ತಿ, ಮತ್ತೆ ಒಳಗಿನ ಸುರುಳಿಗೆ ಇಳಿಯುತ್ತ ಗುಂಡಿಯವರೆಗೆ ಬೆರಳು ಎಲ್ಲೂ ಮೇಲೇಳದೆ ಹೋಯಿತು. ಚರ್ಮದ ನವಿರು ಸುಕ್ಕುಗಳೂ ಅದೇ ದಾರಿ ಹಿಡಿದಿದ್ದವು. ನಾನು ಎರಡು ವಾರದಿಂದ ಕಿವಿಯನ್ನು ಗದ್ದೆಯೆಂದುಕೊಂಡು ಉದ್ದುದ್ದ ಉಳುತ್ತಿದ್ದೆ.

ಎಲ್ವೀರಾಳ ಕಣ್ಣು ಮುಚ್ಚಿತ್ತು. ರಾಕೆಟ್ ಬಿದ್ದ ಮೇಲೆ ತನ್ನ ಯಾವ ಕಿವಿಯನ್ನೂ ಅವಳು ನನಗೆ ಮುಟ್ಟಲು ಬಿಟ್ಟಿರಲಿಲ್ಲ. ಅದು ಹೊಳೆದ ಮೇಲೂ ನಾನು ಬೆರಳು ತೆಗೆಯಲಿಲ್ಲ.

"ಸೂಪು ಆರ್ತಾ ಇದೆ," ಎಂದಳು, ಕಣ್ಣು ತೆರೆಯದೆ.

ಶನಿವಾರ ಉಳಿಗೆ ಒಂದೇ ದಾರಿ ಕೊಟ್ಟೆ. ಅಂಚಿನಲ್ಲಿ ಇಳಿದದ್ದು ಕಿವಿಯ ತಿರುವುಗಳನ್ನೇ ಅನುಸರಿಸುತ್ತ, ನಡುವೆ ಎಲ್ಲೂ ಮೇಲೇಳದೆ ಗುಂಡಿಯವರೆಗೆ ಹೋಗಬೇಕು. ಗೆರೆ ಬರಿಗಣ್ಣಿಗೆ ಕಾಣಬಾರದು, ಆದರೆ ಬೆಳಕು ಅದರಲ್ಲಿ ಸಿಕ್ಕಿಕೊಳ್ಳಬೇಕು. ಯಂತ್ರ ಓಡುವಷ್ಟು ಹೊತ್ತೂ ಅದರ ಮುಂದೆ ಶತಪಥ ಹಾಕಿದೆ. ಮುಗಿದಾಗ ಪಾಸ್ಕ್ವಾಲ್ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿ ನೋಡಿದ.

"ಉಜ್ಜಲ್ಲ," ಎಂದ. "ಉಜ್ಜಿದ್ರೆ ಪಾಪ ಬರುತ್ತೆ."

ಹೊಸ ಕಿವಿಯನ್ನು ಎಲ್ವೀರಾ ದೀಪದ ಕೆಳಗೆ ಬಹಳ ಹೊತ್ತು ಹಿಡಿದಳು. ಆಮೇಲೆ ಬಣ್ಣದ ಪೆಟ್ಟಿಗೆ ತೆರೆದಳು. ಅಂಚಿಗೆ ಒಂದಿಷ್ಟು ಕೆಂಪು, ಹಾಲೆಗೆ ಒಂದು ಹನಿ ಕಂದು, ಒಳಗೆ ನೀಲಿಯ ಛಾಯೆ. ತನ್ನ ಕಿವಿಗೆ ತಾನೇ ಜೀವ ತುಂಬಿದಳು.

ಆದರೂ ಓನಿಲ್‌ನ ಬೀದಿಗೆ ಬರಲು ಒಪ್ಪಲಿಲ್ಲ. ಪಕ್ಕದೂರು ಇಬಿಯ ಸಂತೆಗೆ ಹೋಗೋಣ, ಅಲ್ಲಿ ಗುರುತಿನವರಿಲ್ಲ ಎಂದಳು. ಹೊಸ ಕಿವಿ ಅಂಟಿಸಿಕೊಂಡು, ಅದರ ಮೇಲೆ ಕೂದಲು ಇಳಿಬಿಟ್ಟು, ತಲೆಬಟ್ಟೆಯಿಟ್ಟ ಕೈಚೀಲವನ್ನು ಅವಚಿಕೊಂಡು ಹೊರಟಳು. ಬಸ್ಸಿನಲ್ಲಿ ಅವಳ ಮೊಣಕಾಲು ಒಂದೇ ಸಮ ಕುಣಿಯುತ್ತಿತ್ತು, ನನ್ನದೂ.

ರಿಬ್ಬನ್ನು, ಕ್ಲಿಪ್ಪು ಮಾರುವ ಅಂಗಡಿಯ ಮುಂದೆ ಗಾಳಿ ಬೀಸಿ ಅವಳ ಕೂದಲು ಹಿಂದಕ್ಕೆ ಹಾರಿತು. ಎಡಗಿವಿ ಪೂರ್ತಿ ಬಯಲಿಗೆ ಬಂತು. ಎಲ್ವೀರಾ ಕಲ್ಲಾದಳು. ಅಂಗಡಿಯ ಮುದುಕಿ ಅವಳನ್ನೇ ದಿಟ್ಟಿಸಿದಳು. ನಾನು ಜಗಳಕ್ಕೆ ಸಿದ್ಧನಾದೆ.

"ಯಾವೂರಮ್ಮ ನಿಂದು?"

"ಓನಿಲ್."

ಮುದುಕಿ ಮೇಜಿನ ಮೇಲಿಂದ ಬಗ್ಗಿ, ಆ ಕಿವಿಗೇ ಬಾಯಿ ಹಚ್ಚಿ ಪಿಸುಗುಟ್ಟಿದಳು. ಮುದುಕಿಯ ಪಿಸುಮಾತು, ನನಗೂ ಕೇಳುವಷ್ಟು ಜೋರು. "ನಿಮ್ಮೂರಲ್ಲಿ ಯಾರೋ ಒಬ್ಬಳಿಗೆ ಕಿವಿನೇ ಹಾರಿಹೋಯ್ತಂತಲ್ಲ, ನಿಜವೇನೇ?"

ಎಲ್ವೀರಾ ಮುದುಕಿಯತ್ತ ಇನ್ನೂ ಸ್ವಲ್ಪ ವಾಲಿದಳು.

"ಹೌದಂತೆ ಅಜ್ಜಿ. ಪಾಪ."

"ಗಂಡ ಬೇರೆ ಮುಂಗೋಪಿಯಂತೆ."

"ಅದಂತೂ ಖಂಡಿತ ನಿಜ. ನಾನೇ ಕಣ್ಣಾರೆ ನೋಡಿದೀನಿ."

ನಾನು ಪಕ್ಕದ ಅಂಗಡಿಯ ಬಾದಾಮಿ ನೋಡುವವನಂತೆ ತಿರುಗಿಕೊಂಡೆ. ಅಳು ತಡೆಯಲಾಗಲಿಲ್ಲ. ನನ್ನ ಬೆನ್ನ ಹಿಂದೆ ಎಲ್ವೀರಾ, "ಆ ದೊಡ್ಡ ಕ್ಲಿಪ್ಪು ಕೊಡಿ," ಎನ್ನುವುದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅವಳು ಕೂದಲನ್ನೆಲ್ಲ ಮೇಲೆತ್ತಿ ಸಿಕ್ಕಿಸಿ, ಎರಡೂ ಕಿವಿಯನ್ನು ಬಿಸಿಲಿಗೆ ಬಿಟ್ಟುಕೊಂಡು, ನನ್ನನ್ನು ಕಾಯದೆ ಜನರ ನಡುವೆ ಮುಂದೆ ಹೋಗಿದ್ದಳು.